ತಾಲ್ಮುದ್ ಕೊಳ್ಳುವ ಮುಂಚೆ: ಒಂದು ಪುಟದ ಹಿಂದಿನ ಕತೆ

ಯೆಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್ ಓದಬೇಕು ಅಂತ ಹೊರಟವರು ಮೊದಲು ತಬ್ಬಿಬ್ಬಾಗುವುದು ಪುಸ್ತಕದ ಒಳಗಲ್ಲ, ಅಂಗಡಿಯ ಕಪಾಟಿನ ಮುಂದೆ. ಒಂದು ಕಡೆ ಆರ್ಟ್‌ಸ್ಕ್ರೋಲ್ ಪ್ರಕಾಶನದ 73 ಸಂಪುಟಗಳ ಸೆಟ್. ಪಕ್ಕದಲ್ಲಿ ಕೋರೆನ್ ಪ್ರಕಾಶನದ 42 ಸಂಪುಟ. ಹಳೆಯ ಸೋನ್ಸಿನೋ ಇಂಗ್ಲಿಷ್ ಅನುವಾದ ಇನ್ನೊಂದು ಕಡೆ. ಇಂಗ್ಲಿಷಿನ ಸುಳಿವೇ ಇಲ್ಲದ, ಎರಡು ಕೈಯಲ್ಲಿ ಎತ್ತಬೇಕಾದ, ವಿಲ್ನಾ ಊರಿನ ಅಚ್ಚಿನ ಸಂಪುಟಗಳು ಕೆಳಗಿನ ಸಾಲಿನಲ್ಲಿ. ಇದ್ಯಾವುದೂ ಬೇಡ ಅಂದರೆ ಫೋನಿನಲ್ಲಿ ಪುಕ್ಕಟೆ ಸಿಗುವ ಸೆಫಾರಿಯಾ ಜಾಲತಾಣ. ಎಲ್ಲದರ ಹೊಟ್ಟೆಯಲ್ಲೂ ಇರುವುದು ಹೆಚ್ಚುಕಮ್ಮಿ ಅದೇ ಮಾತುಗಳು. ಮತ್ಯಾಕೆ ಇಷ್ಟೊಂದು ವೇಷ?

ಯಾಕೆಂದರೆ ಇದು ಒಬ್ಬರೇ ಕೂತು ಓದಲಿ ಅಂತ ಹುಟ್ಟಿದ ಪುಸ್ತಕವೇ ಅಲ್ಲ. ಯೆಹೂದಿ ಪಾಠಶಾಲೆಗಳಲ್ಲಿ ಇದನ್ನು ಇಬ್ಬಿಬ್ಬರು ಎದುರುಬದುರು ಕೂತು, ಜೋರಾಗಿ ಓದಿ, ಜಗಳಾಡುತ್ತಾ ಕಲಿಯುತ್ತಾರೆ. ಆ ಜೋಡಿಗೆ ಹವ್ರೂತಾ ಅನ್ನುತ್ತಾರೆ. ತಲೆಯ ಮೇಲೆ ಒಬ್ಬ ಗುರುವೂ ಇರುತ್ತಾನೆ. ಮನೆಯಲ್ಲಿ ಓದುವವರಿಗೆ ಜೋಡಿಯೂ ಇಲ್ಲ, ಗುರುವೂ ಇಲ್ಲ. ಆ ಖಾಲಿ ಜಾಗ ತುಂಬಲು ಒಂಬೈನೂರು ವರ್ಷಗಳಿಂದ ಒಬ್ಬರಾದ ಮೇಲೊಬ್ಬರು ಮಾಡಿದ ಪ್ರಯತ್ನಗಳೇ ಈ ಕಪಾಟಿನಲ್ಲಿರುವುದು.

ಸುಮ್ನೆ ಮೊದಲ ಪುಟವನ್ನೇ ನೋಡಿ. ಬ್ರಾಖೋತ್ ಅನ್ನುವ ಭಾಗದ ಶುರು. ಮೊದಲು ಮಿಷ್ನಾ ಬರುತ್ತದೆ. ಇದು ಕ್ರಿ.ಶ. 200ರ ಸುಮಾರಿಗೆ ಇಂದಿನ ಇಸ್ರೇಲಿನ ಗಲಿಲಾಯದಲ್ಲಿ ರಬ್ಬಿ (ಅಂದರೆ ಯೆಹೂದಿ ಧರ್ಮಗುರು) ಯೆಹೂದಾ ಹನಾಸಿ ಒಟ್ಟುಮಾಡಿದ ಕಟ್ಟಳೆಗಳ ಸಂಗ್ರಹ. 'ಸಂಜೆಯ ಶೆಮಾ ಪ್ರಾರ್ಥನೆ ಯಾವಾಗಿನಿಂದ ಹೇಳಬೇಕು?' ಅನ್ನುವುದು ಪ್ರಶ್ನೆ. ಪುರೋಹಿತರು ತಮ್ಮ ಪಾಲಿನ ಕಾಣಿಕೆ ಉಣ್ಣಲು ಒಳಗೆ ಹೋಗುವ ಹೊತ್ತಿನಿಂದ ಅನ್ನುವುದು ಉತ್ತರ. ಎಲ್ಲಿಯವರೆಗೆ? ಒಬ್ಬರು ರಾತ್ರಿಯ ಮೊದಲ ಜಾವದವರೆಗೆ ಅಂದರು, ಹಲವರು ನಡುರಾತ್ರಿಯವರೆಗೆ ಅಂದರು, ರಬ್ಬಾನ್ ಗಮಲಿಯೇಲ್ ಬೆಳಕು ಹರಿಯುವವರೆಗೆ ಅಂದರು. ಅಷ್ಟರಲ್ಲಿ ಒಂದು ಪುಟ್ಟ ಕತೆ ತೂರಿಕೊಳ್ಳುತ್ತದೆ. ಗಮಲಿಯೇಲರ ಮಕ್ಕಳು ಔತಣ ಮುಗಿಸಿ ತಡವಾಗಿ ಬಂದು 'ಅಪ್ಪ, ನಾವಿನ್ನೂ ಶೆಮಾ ಹೇಳಿಲ್ಲ' ಅಂದರಂತೆ. 'ಬೆಳಕು ಹರಿದಿಲ್ಲ ತಾನೇ? ಹಾಗಿದ್ದರೆ ಹೇಳಲೇಬೇಕು' ಅಂದರಂತೆ ಅಪ್ಪ.

ಇಲ್ಲಿಯವರೆಗೆ ಪರವಾಗಿಲ್ಲ. ಆಮೇಲೆ ಗೆಮಾರಾ ಶುರು. ಈ ಮಿಷ್ನಾದ ಮೇಲೆ ಬ್ಯಾಬಿಲೋನಿಯಾದ, ಅಂದರೆ ಇಂದಿನ ಇರಾಕಿನ, ಪಂಡಿತರು ಕೆಲವು ಶತಮಾನ ನಡೆಸಿದ ಚರ್ಚೆ ಇದು. ಅದರ ಮೊದಲ ವಾಕ್ಯವನ್ನು ಇದ್ದಹಾಗೇ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: 'ತನ್ನಾ ಎಲ್ಲಿ ನಿಂತಿದ್ದಾನೆ, ಯಾವಾಗಿನಿಂದ ಅನ್ನುತ್ತಾನಲ್ಲ'. ಏನರ್ಥ ಇದಕ್ಕೆ? ತನ್ನಾ ಅಂದರೆ ಮಿಷ್ನಾ ಹೇಳಿದ ಪಂಡಿತ. ಶೆಮಾ ಹೇಳಲೇಬೇಕು ಅಂತ ಮೊದಲು ಹೇಳದೆ, ಏಕ್ದಂ ಯಾವಾಗ ಹೇಳಬೇಕು ಅಂತ ಶುರುಮಾಡಿದನಲ್ಲ, ಯಾವ ಆಧಾರದ ಮೇಲೆ ನಿಂತು ಈ ಮಾತಾಡುತ್ತಿದ್ದಾನೆ ಅನ್ನುವ ಆಕ್ಷೇಪಣೆ ಅದು. ಮೂಲದಲ್ಲಿ ಪ್ರಶ್ನೆ ಚಿಹ್ನೆ ಇಲ್ಲ, ಪೂರ್ಣವಿರಾಮ ಇಲ್ಲ. ಅಕ್ಷರಗಳಿಗೆ ಸ್ವರದ ಗುರುತೂ ಇಲ್ಲ. ಭಾಷೆ ಅರ್ಧ ಹೀಬ್ರೂ, ಅರ್ಧ ಅರಮಾಯಿಕ್. ಯಾರು ಮಾತಾಡುತ್ತಿದ್ದಾರೆ, ಇದು ಪ್ರಶ್ನೆಯೋ ಉತ್ತರವೋ ಎಲ್ಲವನ್ನೂ ನಾವೇ ಊಹಿಸಬೇಕು. ಹೀಗೇ 2,711 ಹಾಳೆ.

(ಜೆರುಸಲೇಮ್ ತಾಲ್ಮುದ್ ಅಂತ ಇನ್ನೊಂದಿದೆ. ಅದು ಇನ್ನೂ ಹಳೆಯದು, ಇನ್ನೂ ಬಿಗಿ. ಬರೀ ತಾಲ್ಮುದ್ ಅಂದರೆ ಸಾಮಾನ್ಯವಾಗಿ ಬ್ಯಾಬಿಲೋನಿಯಾದ್ದೇ. ಕೊಳ್ಳುವಾಗ ಹೆಸರು ನೋಡಿಕೊಳ್ಳಿ.)

ಪಕ್ಕದಲ್ಲಿ ಕೂತು ಹೇಳಿಕೊಟ್ಟವರಲ್ಲಿ ಮೊದಲು ನೆನೆಯಬೇಕಾದವನು ರಾಶೀ. 1040ರಿಂದ 1105ರವರೆಗೆ ಬದುಕಿದ್ದ, ಉತ್ತರ ಫ್ರಾನ್ಸಿನ ತ್ರ್ವಾ ಊರಿನ ಪಂಡಿತ. ಅವನ ಜಾಣತನ ಏನೆಂದರೆ, ನೀವು ಎಲ್ಲಿ ತಡವರಿಸುತ್ತೀರಿ ಅಂತ ಅವನಿಗೆ ಮೊದಲೇ ಗೊತ್ತು. ಅಲ್ಲಿ ನಾಲ್ಕು ಪದ ಹೇಳಿ ಸುಮ್ಮನಾಗುತ್ತಾನೆ. ನಮ್ಮ ಗಮಕದಲ್ಲಿ ಒಬ್ಬರು ಕುಮಾರವ್ಯಾಸನ ಪದ್ಯ ಹಾಡಿ ನಿಲ್ಲಿಸಿದಾಗ ಪಕ್ಕದವರು ಅರ್ಥ ಹೇಳುತ್ತಾರಲ್ಲ, ಹಾಗೆ. ಅವನ ಮೊಮ್ಮಕ್ಕಳು, ಅವರ ಶಿಷ್ಯರು ಮುಂದಿನ ಎರಡು ಶತಮಾನ ತಾತನ ಮಾತನ್ನೇ ಹಿಡಿದು ಜಗ್ಗಾಡಿದರು. ಆ ಟಿಪ್ಪಣಿಗಳೇ ತೋಸಾಫೋತ್.

ಆಗ ಇದೆಲ್ಲ ಬೇರೆ ಬೇರೆ ಕೈಬರಹದ ಕಟ್ಟುಗಳಲ್ಲಿತ್ತು. ಪೂರ್ತಿ ತಾಲ್ಮುದ್ ಇಟ್ಟುಕೊಂಡ ಮನೆ ಅಪರೂಪ. 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲೇ ಅಬ್ರಹಾಂ ಬೆನ್ ಯಿಜು ಅನ್ನುವ ಯೆಹೂದಿ ವ್ಯಾಪಾರಿ ಇದ್ದ. ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ, ಧರ್ಮಶಾಸ್ತ್ರವನ್ನೂ ಓದಿಕೊಂಡಿದ್ದ. ಕೈರೋದ ಹಳೆಯ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕ ಅವನ ಪತ್ರಗಳನ್ನು ನೋಡಿದರೆ, ಏಡನ್ನಿನ ಗೆಳೆಯರು ಅವನಿಗೆ ಬರೆಯುವ ಕಾಗದವನ್ನೇ ಉಡುಗೊರೆಯಾಗಿ ಕಳಿಸುತ್ತಿದ್ದರು. ಕಾಗದಕ್ಕೇ ಸಮುದ್ರ ದಾಟಬೇಕಿದ್ದ ಕಾಲದಲ್ಲಿ ಸಾವಿರಾರು ಹಾಳೆಯ ಗ್ರಂಥ ನಕಲು ಮಾಡಿಸುವುದು ಎಂಥ ಕೆಲಸ, ಊಹಿಸಿಕೊಳ್ಳಿ.

ಕಷ್ಟಪಟ್ಟು ಬರೆದದ್ದನ್ನು ಸುಟ್ಟವರೂ ಇದ್ದರು. 1242ರಲ್ಲಿ ಪ್ಯಾರಿಸಿನಲ್ಲಿ ಗಾಡಿಗಟ್ಟಲೆ ತಾಲ್ಮುದ್ ಹಸ್ತಪ್ರತಿಗಳನ್ನು ಬೆಂಕಿಗೆ ಹಾಕಿದರು. ಹೆಚ್ಚುಕಮ್ಮಿ ಪೂರ್ತಿಯಾಗಿ ಉಳಿದ ಹಳೆಯ ಪ್ರತಿ ಒಂದೇ ಒಂದು. 1342ರಲ್ಲಿ ಬರೆದದ್ದು, ಈಗ ಮ್ಯೂನಿಕ್‌ನಲ್ಲಿದೆ.

ಇವತ್ತು ನಾವು ತಾಲ್ಮುದ್ ಪುಟ ಅಂತ ಗುರುತಿಸುವ ಆಕಾರ ಕೊಟ್ಟವರು ರಬ್ಬಿಗಳಲ್ಲ, ಅಚ್ಚುಕೂಟದವರು. ಇಟಲಿಯ ಸೋನ್ಸಿನೋ ಮನೆತನದವರು 1483–84ರಲ್ಲಿ ಬ್ರಾಖೋತ್ ಅಚ್ಚುಹಾಕಿದಾಗ ಮೂಲವನ್ನು ನಡುವೆ ಇಟ್ಟರು. ಪುಸ್ತಕದ ಹೊಲಿಗೆಯ ಕಡೆಗೆ ರಾಶೀ, ಹೊರಅಂಚಿಗೆ ತೋಸಾಫೋತ್. ಪೂರ್ತಿ ತಾಲ್ಮುದ್ ಮೊದಲ ಸಲ ಅಚ್ಚಾಗಿದ್ದು 1520ರಿಂದ 1523ರ ನಡುವೆ, ವೆನಿಸ್‌ನಲ್ಲಿ. ಅಚ್ಚು ಹಾಕಿಸಿದವನು ಡೇನಿಯಲ್ ಬೊಂಬರ್ಗ್, ಆಂಟ್ವರ್ಪ್‌ನಿಂದ ಬಂದ ಒಬ್ಬ ಕ್ರೈಸ್ತ. ಅವನು ಹಾಳೆಗಳಿಗೆ ಹಾಕಿಸಿದ ಸಂಖ್ಯೆಯೇ ಇವತ್ತಿಗೂ ಎಲ್ಲ ಕಡೆ ನಡೆಯುತ್ತಿದೆ. ತಾಲ್ಮುದ್‌ನ ಹೆಚ್ಚುಕಮ್ಮಿ ಯಾವ ಭಾಗ ತೆಗೆದರೂ ಅದು ಒಂದನೇ ಹಾಳೆಯಿಂದ ಶುರುವಾಗುವುದಿಲ್ಲ, ಎರಡರಿಂದ. ಮುಖಪುಟವನ್ನೂ ಒಂದು ಹಾಳೆ ಅಂತ ಎಣಿಸಿದ್ದಕ್ಕೆ ಹಾಗಾಯಿತು, ಅಷ್ಟೇ. ಇದಕ್ಕೆ ಗೂಢಾರ್ಥ ಹುಡುಕಿದವರೂ ಇದ್ದಾರೆ ಬಿಡಿ. ಇನ್ನೊಂದು ತಮಾಷೆ: ರಾಶೀಯ ಟಿಪ್ಪಣಿ ಇರುವ ಓರೆ ಅಕ್ಷರಕ್ಕೆ ರಾಶೀ ಲಿಪಿ ಅನ್ನುತ್ತಾರೆ. ರಾಶೀ ಆ ಲಿಪಿಯಲ್ಲಿ ಬರೆದವನೇ ಅಲ್ಲ. ಮೂಲಕ್ಕೂ ಟಿಪ್ಪಣಿಗೂ ವ್ಯತ್ಯಾಸ ಕಾಣಲಿ ಅಂತ ಅಚ್ಚಿನವರು ಬಳಸಿದ ಅಚ್ಚುಮೊಳೆ ಅದು. ಮನೆಯಲ್ಲಿ ಕಲಿಯುವವರು ಮೊದಲ ತಿಂಗಳು ಬೈದುಕೊಳ್ಳುವುದು ಇದನ್ನೇ.

1553ರಲ್ಲಿ ಮತ್ತೆ ಬೆಂಕಿ. ರೋಮಿನ ಕಾಂಪೊ ದೇ ಫಿಯೋರಿ ಚೌಕದಲ್ಲಿ, ಯೆಹೂದಿ ಹೊಸವರ್ಷದ ದಿನವೇ ತಾಲ್ಮುದ್ ಸುಟ್ಟರು. ಆಮೇಲೆ ಅಚ್ಚು ಹಾಕಬೇಕೆಂದರೆ ಚರ್ಚಿನವರ ಕತ್ತರಿಗೆ ತಲೆ ಕೊಡಬೇಕಾಯಿತು. 1578–81ರ ಬಾಸೆಲ್ ಆವೃತ್ತಿಯಲ್ಲಿ ವಿಗ್ರಹಾರಾಧನೆಯ ಬಗ್ಗೆ ಇರುವ ಒಂದು ಇಡೀ ಭಾಗವೇ ಮಾಯ. ಸನ್ಹೆದ್ರಿನ್ ಭಾಗದ 43ನೇ ಹಾಳೆಯಲ್ಲಿ ಯೇಸುವಿನ ಹೆಸರು ಬರುವ ಸಾಲುಗಳಿಗೂ ಕತ್ತರಿ ಬಿತ್ತು. ಅನ್ಯಧರ್ಮೀಯ ಅನ್ನುವ ಪದ ಇದ್ದಲ್ಲಿ ಬೇರೆ ಬೇರೆ ಪದಗಳು ಬಂದು ಕೂತವು. ಇದು ಬರೀ ಹಳೇ ಕತೆಯಲ್ಲ. ಹಳೆಯ ಅಚ್ಚಿನ ನಕಲು ಪ್ರತಿಗಳಲ್ಲಿ ಈ ಗಾಯ ಇನ್ನೂ ಹಾಗೇ ಇದೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಹಳೇ ಸೆಟ್ ಕೊಳ್ಳುವವರು ಇಂಥ ಜಾಗಗಳನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಮುಂದಿನ ದೊಡ್ಡ ನಿಲ್ದಾಣ ವಿಲ್ನಾ, ಇಂದಿನ ಲಿಥುವೇನಿಯಾದ ರಾಜಧಾನಿ. ಅಲ್ಲಿನ ರೋಮ್ ಮನೆತನಕ್ಕೂ ಇಂದಿನ ಉಕ್ರೇನಿನ ಸ್ಲಾವುತಾದ ಶಪೀರಾ ಮನೆತನಕ್ಕೂ ತಾಲ್ಮುದ್ ಅಚ್ಚು ಹಾಕುವ ಹಕ್ಕಿಗಾಗಿ 1830ರ ದಶಕದಲ್ಲಿ ದೊಡ್ಡ ವ್ಯಾಜ್ಯ ನಡೆಯಿತು. ಯುರೋಪಿನ ರಬ್ಬಿಗಳೆಲ್ಲ ಎರಡು ಬಣವಾದರು. ಕೊನೆಗೆ ಸ್ಲಾವುತಾದ ಅಚ್ಚುಕೂಟವನ್ನು ರಷ್ಯಾದ ಸರ್ಕಾರ ಮುಚ್ಚಿಸಿತು, ರೋಮ್ ಮನೆತನದ್ದು ಉಳಿಯಿತು. 1880ರಿಂದ 1886ರವರೆಗೆ ಅಲ್ಲಿಂದ ಬಂದ ತಾಲ್ಮುದ್‌ನ ಮುಖಪುಟದಲ್ಲಿರುವ ಪ್ರಕಾಶಕರ ಹೆಸರು 'ವಿಧವೆ ಮತ್ತು ಸೋದರರು ರೋಮ್'. ಆ ವಿಧವೆ ದೆವೋರಾ ರೋಮ್. ಗಂಡ ತೀರಿಕೊಂಡ ಮೇಲೆ ಮೈದುನರ ಜೊತೆ ಅಚ್ಚುಕೂಟ ನಡೆಸಿದಾಕೆ. ಹೆಂಗಸರಿಗೆ ತಾಲ್ಮುದ್ ಕಲಿಸದೇ ಇದ್ದ ಕಾಲದಲ್ಲಿ ಆ ಪುಸ್ತಕದ ಅತಿ ಪ್ರಸಿದ್ಧ ಆವೃತ್ತಿ ಒಬ್ಬ ಹೆಂಗಸಿನ ಯಜಮಾನಿಕೆಯಲ್ಲಿ ಹೊರಬಂತು. ಇವತ್ತು ಸಿಗುವ ಬಹುಪಾಲು ತಾಲ್ಮುದ್‌ಗಳು ಆ ವಿಲ್ನಾ ಪುಟದ ಮಕ್ಕಳು, ಮರಿಮಕ್ಕಳು.

ಎಲ್ಲರ ಕೈಯಲ್ಲೂ ಒಂದೇ ಪುಟ ಇದ್ದದ್ದಕ್ಕೇ 1923ರಲ್ಲಿ ರಬ್ಬಿ ಮೇಯರ್ ಶಪೀರೋ ವಿಯೆನ್ನಾದ ಸಮ್ಮೇಳನದಲ್ಲಿ ದಿನಕ್ಕೊಂದು ಹಾಳೆಯ ಯೋಜನೆ ಮುಂದಿಡಲು ಆಯಿತು. ದಫ್ ಯೋಮಿ ಅಂತ ಅದರ ಹೆಸರು. ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಅವತ್ತು ಎಲ್ಲರೂ ಓದುವುದು ಅದೇ ಹಾಳೆ. ಒಂದು ಸುತ್ತು ಮುಗಿಯಲು ಸುಮಾರು ಏಳೂವರೆ ವರ್ಷ ಬೇಕು. 14ನೇ ಸುತ್ತು 2020ರ ಜನವರಿ 5ರಂದು ಶುರುವಾಯಿತು. ಮನೆಯಲ್ಲಿ ಒಬ್ಬರೇ ಕೂತು ಓದುವವರಿಗೆ ಇದೂ ಒಂದು ಥರದ ಜೊತೆ, ಅಲ್ವಾ?

ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನ ಪುಸ್ತಕಗಳೂ ಓದುಗರೂ ಬೂದಿಯಾಗಿದ್ದರು. ಉಳಿದವರು ನಿರಾಶ್ರಿತರ ಶಿಬಿರಗಳಲ್ಲಿದ್ದರು. ಅವರಿಗಾಗಿ ಅಮೆರಿಕದ ಸೇನೆಯ ನೆರವಿನಿಂದ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 19 ಸಂಪುಟಗಳ ತಾಲ್ಮುದ್ ಅಚ್ಚಾಯಿತು. ಮುಖಪುಟದ ವರ್ಷ 1948. ಆ ಪುಟದ ಕೆಳಗೆ ಮುಳ್ಳುತಂತಿಯ ಶಿಬಿರದ ಚಿತ್ರ, ಮೇಲೆ ಈಚಲು ಮರಗಳ ನಾಡಿನ ಚಿತ್ರ.

ಇಷ್ಟು ಹೊತ್ತಿಗೆ ಅನುವಾದದ ಮಾತೂ ಬಂದಿತ್ತು. ಲಂಡನ್ನಿನ ಸೋನ್ಸಿನೋ ಪ್ರೆಸ್ (ಇಟಲಿಯ ಮನೆತನದ ಹೆಸರನ್ನೇ ಇಟ್ಟುಕೊಂಡದ್ದು) ಇಸಿಡೋರ್ ಎಪ್‌ಸ್ಟೀನ್ ಸಂಪಾದಕತ್ವದಲ್ಲಿ 1935ರಿಂದ 1952ರವರೆಗೆ ಪೂರ್ತಿ ಇಂಗ್ಲಿಷ್ ಅನುವಾದ ತಂದಿತು. ಇದು ಪಂಡಿತರು ಪಂಡಿತರಿಗೆ ಮಾಡಿದ ಅನುವಾದ. ಕೆಳಗೆ ಅಡಿಟಿಪ್ಪಣಿ ಇದೆ, ಆದರೆ ಕೈಹಿಡಿದು ನಡೆಸುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುವ ಥರ.

ನಿಜವಾದ ತಿರುವು ಆದೀನ್ ಸ್ಟೈನ್‌ಸಾಲ್ಟ್ಸ್. ಜೆರುಸಲೇಮಿನ ಅಷ್ಟೇನೂ ಸಂಪ್ರದಾಯಸ್ಥವಲ್ಲದ ಮನೆಯಲ್ಲಿ 1937ರಲ್ಲಿ ಹುಟ್ಟಿದವರು. ವಿಜ್ಞಾನ ಓದಿದವರು. ತಾಲ್ಮುದ್‌ನ ಹೊಸ ಆವೃತ್ತಿಯೊಂದನ್ನು 1965ರಲ್ಲಿ ಒಬ್ಬರೇ ಶುರುಮಾಡಿ 2010ರಲ್ಲಿ ಮುಗಿಸಿದರು. ಮೂಲಕ್ಕೆ ಸ್ವರಚಿಹ್ನೆ ಹಾಕಿದರು, ಪೂರ್ಣವಿರಾಮ ಹಾಕಿದರು, ಅರಮಾಯಿಕ್ ಮಾತನ್ನು ಆಡುವ ಹೀಬ್ರೂಗೆ ತಂದರು. ಅಷ್ಟೇ ಆಗಿದ್ದರೆ ಗಲಾಟೆ ಕಡಿಮೆ ಆಗುತ್ತಿತ್ತೇನೋ. ವಿಲ್ನಾ ಪುಟದ ಆಕಾರವನ್ನೇ ಬದಲಿಸಿಬಿಟ್ಟರು. ಹಳಬರು ಸಿಡಿಮಿಡಿಗೊಂಡರು. 1989ರಲ್ಲಿ ರಬ್ಬಿ ಎಲಾಜಾರ್ ಶಾಖ್ ಎಂಬುವರು ಸ್ಟೈನ್‌ಸಾಲ್ಟ್ಸ್ ಪುಸ್ತಕಗಳಿಗೆ ಬಹಿಷ್ಕಾರವನ್ನೇ ಹಾಕಿದರು. 'ಕಷ್ಟಪಡದೆ ಕಲಿತದ್ದೂ ಒಂದು ಕಲಿಕೆಯೇ?' ಅನ್ನುವ ಹಳಬರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಗುರು ಸಿಗದವನಿಗೆ ಪೂರ್ಣವಿರಾಮವನ್ನೂ ಕೊಡಬಾರದು ಅಂದರೆ ಹೇಗೆ?

ತಮಾಷೆ ಎಂದರೆ, ಮರುವರ್ಷವೇ ಸಂಪ್ರದಾಯಸ್ಥರ ಕಡೆಯಿಂದಲೇ ಆರ್ಟ್‌ಸ್ಕ್ರೋಲ್‌ನ ಇಂಗ್ಲಿಷ್ ತಾಲ್ಮುದ್ ಬರಲು ಶುರುವಾಯಿತು. 2005ಕ್ಕೆ 73 ಸಂಪುಟ ಪೂರ್ತಿ. ಇಲ್ಲಿ ವಿಲ್ನಾ ಪುಟವನ್ನು ಮುಟ್ಟುವುದಿಲ್ಲ. ಒಂದು ಬದಿಗೆ ಆ ಪುಟ, ಎದುರು ಬದಿಗೆ ಇಂಗ್ಲಿಷ್ ವಿವರಣೆ. ವಿವರಣೆ ಒಂದೇ ಪುಟದಲ್ಲಿ ಮುಗಿಯುವುದಿಲ್ಲವಲ್ಲ, ಹಾಗಾಗಿ ಅದೇ ವಿಲ್ನಾ ಪುಟವನ್ನು ಮತ್ತೆ ಮತ್ತೆ ಅಚ್ಚು ಹಾಕುತ್ತಾರೆ. 73 ಸಂಪುಟ ಆಗಿದ್ದಕ್ಕೆ ಅದೂ ಒಂದು ಕಾರಣ. ಮೂಲದ ಪದಗಳು ದಪ್ಪ ಅಕ್ಷರದಲ್ಲಿ, ನಡುವೆ ಸೇರಿಸಿದ ಮಾತು ತೆಳು ಅಕ್ಷರದಲ್ಲಿ. 'ತನ್ನಾ ಎಲ್ಲಿ ನಿಂತಿದ್ದಾನೆ' ಅನ್ನುವುದು ದಪ್ಪ. ಆ ಆಕ್ಷೇಪಣೆ ಏನು ಅನ್ನುವುದು ತೆಳು. ಅರ್ಥ ಹೆಚ್ಚಾಗಿ ರಾಶೀಯ ದಾರಿಯಲ್ಲೇ ಸಾಗುತ್ತದೆ.

ಕೋರೆನ್ 2012ರಿಂದ 2019ರವರೆಗೆ ಇಂಗ್ಲಿಷಿಗೆ ತಂದದ್ದು ಸ್ಟೈನ್‌ಸಾಲ್ಟ್ಸ್ ಅವರದ್ದನ್ನೇ. ಹೀಬ್ರೂ ಕಡೆಯಿಂದ ತೆಗೆದರೆ ಸ್ವರಚಿಹ್ನೆ ಹಾಕಿದ ವಿಲ್ನಾ ಪುಟ. ಇಂಗ್ಲಿಷ್ ಕಡೆಯಿಂದ ತೆಗೆದರೆ ತುಂಡು ತುಂಡಾಗಿ ಬಿಡಿಸಿದ ಅನುವಾದ. ಅಂಚಿನಲ್ಲಿ ಗಿಡ, ಪಾತ್ರೆ, ನಾಣ್ಯಗಳ ಚಿತ್ರ, ಗ್ರೀಕ್ ಅಥವಾ ಪರ್ಷಿಯನ್‌ನಿಂದ ಬಂದ ಪದಗಳ ಮೂಲ. ಕುತೂಹಲದಿಂದ ಓದುವವರಿಗೆ ಹೇಳಿಮಾಡಿಸಿದ್ದು. ಆದರೆ ವಾದದ ಎಳೆ ತಪ್ಪಿದಾಗ ಆರ್ಟ್‌ಸ್ಕ್ರೋಲ್‌ನಷ್ಟು ತಾಳ್ಮೆಯಿಂದ ಮತ್ತೆ ಮೊದಲಿಂದ ಹೇಳುವುದಿಲ್ಲ.

ನನ್ನನ್ನು ಕೇಳಿದರೆ, ಸೆಟ್ಟಿಗೆ ದುಡ್ಡು ಹಾಕಲೇಬೇಡಿ. ಮೊದಲು ಒಂದು ಸಂಪುಟ ಸಾಕು. ಹೀಬ್ರೂ ಅಕ್ಷರ ಕಲಿತು ಮೂಲವನ್ನೇ ಹಿಡಿಯಬೇಕು ಅನ್ನುವವರಿಗೆ ಆರ್ಟ್‌ಸ್ಕ್ರೋಲ್. ಇಂಗ್ಲಿಷಿನಲ್ಲೇ ಓದಿ ಆ ಲೋಕ ತಿಳಿಯಬೇಕು ಅನ್ನುವವರಿಗೆ ಕೋರೆನ್. ಬರೀ ವಿಲ್ನಾ ಸದ್ಯಕ್ಕೆ ಬೇಡ, ಅದು ಶೋಕೇಸಿಗೆ ಹೋಗುತ್ತದೆ. ತಾಲ್ಮುದ್ ಕತೆಗಳು, ತಾಲ್ಮುದ್ ಜಾಣತನ ಅಂತ ತೆಳ್ಳಗಿನ ಪುಸ್ತಕಗಳು ಬರುತ್ತವಲ್ಲ, ಓದಿ, ತಪ್ಪೇನಿಲ್ಲ, ಆದರೆ ಅದು ತಾಲ್ಮುದ್ ಅಲ್ಲ. ಶುರುಮಾಡಲು ಬ್ರಾಖೋತ್‌ಗಿಂತ ಬಾವಾ ಮೆತ್ಸಿಯಾ ಅನ್ನುವ ಭಾಗ ನನಗೆ ಹೆಚ್ಚು ಇಷ್ಟ. ಇಬ್ಬರು ಒಂದೇ ಬಟ್ಟೆ ಹಿಡಿದುಕೊಂಡು ಬರುತ್ತಾರೆ, ಇಬ್ಬರೂ ಇಡೀ ಬಟ್ಟೆ ನನ್ನದು ಅನ್ನುತ್ತಾರೆ. ಅಲ್ಲಿಂದ ಶುರು. ಪಂಚಾಯ್ತಿ ಕಟ್ಟೆ ನೋಡಿದವರಿಗೆ ಅರ್ಥವಾಗಲು ಧರ್ಮಶಾಸ್ತ್ರ ಬೇಕಿಲ್ಲ.

ಆ ಒಂದು ಸಂಪುಟವನ್ನೂ ಕೊಳ್ಳುವ ಮುಂಚೆ ಸೆಫಾರಿಯಾ ತೆರೆದು ಒಂದು ವಾರ ಓದಿ ನೋಡಿ. 2017ರಲ್ಲಿ ಸ್ಟೈನ್‌ಸಾಲ್ಟ್ಸ್ ಅನುವಾದ ಅಲ್ಲಿ ಪುಕ್ಕಟೆ ಸಿಗುವ ಹಾಗಾಯಿತು. ಮೂಲದ ಸಾಲು ಮುಟ್ಟಿದರೆ ಸಾಕು, ರಾಶೀ, ತೋಸಾಫೋತ್ ಎಲ್ಲ ಪಕ್ಕದಲ್ಲಿ ಬಂದು ಕೂರುತ್ತಾರೆ. ಅಲ್ಲಿ ಹಾಳೆ ಇಲ್ಲ, ಹೊಲಿಗೆ ಇಲ್ಲ, ಮುಖಪುಟವೂ ಇಲ್ಲ. ಆದರೂ ಬ್ರಾಖೋತ್ ಅಂತ ಒತ್ತಿದರೆ ಶುರುವಾಗುವುದು ಬೊಂಬರ್ಗನ ಎರಡನೇ ಹಾಳೆಯಿಂದಲೇ.