ಬ್ರೇಕ್ ವಯರಿಗೆ ಯಾವ ಎಣ್ಣೆ ಬಿಡಬೇಕು?

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ನನ್ನ ಗೇರ್ ಸೈಕಲ್ಲಿನ ಬ್ರೇಕ್ ಬಿಗಿಯಾಗಿದೆ, ಗೇರ್ ಕೂಡ ತಡವಾಗಿ ಬೀಳುತ್ತೆ. ಕೇಬಲ್ ಒಳಗೆ ಯಾವ ಎಣ್ಣೆ ಬಿಟ್ಟರೆ ಒಳ್ಳೆಯದು?

ಉತ್ತರ: ಯಾವುದೂ ಬೇಡ. ಪ್ರತಿ ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಕೇಳಿದವರು ತಲೆಯಾಡಿಸಿ, ಮಾರನೇ ದಿನ ಎಣ್ಣೆ ಡಬ್ಬಿ ಹಿಡಿದುಕೊಂಡೇ ಸೈಕಲ್ ಹತ್ತಿರ ಹೋಗುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಈ ಅಭ್ಯಾಸ ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಔಟರ್ ಒಳಗೆ, ಅಂದರೆ ವಯರಿನ ಮೇಲಿರುವ ಕೊಳವೆಯಂಥ ಹೊದಿಕೆಯೊಳಗೆ, ಬರೀ ಸ್ಟೀಲ್ ಸುರುಳಿ, ಅದರೊಳಗೆ ಸ್ಟೀಲ್ ವಯರ್. ಉಕ್ಕಿಗೆ ಉಕ್ಕು ಉಜ್ಜುವಾಗ ಎಣ್ಣೆ ಬೇಕೇ ಬೇಕಿತ್ತು. ಈಗಿನ ಔಟರ್ ಒಳಗೆ ತೆಳ್ಳಗಿನ ಪ್ಲಾಸ್ಟಿಕ್ ನಳಿಗೆ ಇರುತ್ತೆ. ಅದೇ ಲೈನರ್. ಒಳ್ಳೆ ಔಟರ್‌ಗಳಲ್ಲಿ ಅದು ಪಿಟಿಎಫ್‌ಇ, ನಿಮ್ಮ ನಾನ್‌ಸ್ಟಿಕ್ ತವಾಕ್ಕೆ ಬಳಿದಿರುವ ಅದೇ ವಸ್ತು. ಜಾರುವುದೇ ಅದರ ಗುಣ.

ಅದರೊಳಗೆ ಎಣ್ಣೆ ಬಿಟ್ಟರೆ ಎರಡು ದಿನ ನುಣ್ಣಗೆ ಓಡುತ್ತೆ. ಜನ ನಂಬೋದೂ ಅದಕ್ಕೇ. ಆಮೇಲೆ ರಸ್ತೆಯ ಧೂಳು ಎಣ್ಣೆಗೆ ಅಂಟಿ ಕಪ್ಪು ಕೆಸರಾಗುತ್ತೆ. ಗೇರ್ ವಯರ್ ಇರೋದೇ 1.2 ಮಿ.ಮೀ. ದಪ್ಪ, ಅದರ ಸುತ್ತ ಜಾಗ ಕೂದಲೆಳೆಯಷ್ಟು. ಕೆಸರು ಹೋಗೋದೆಲ್ಲಿಗೆ? ಮತ್ತೆ ಬಿಗಿಯಾಗುತ್ತೆ, ಮತ್ತೆ ಎಣ್ಣೆ ಬಿಡುತ್ತಾರೆ. ಕೊಬ್ಬರಿ ಎಣ್ಣೆ ಬಿಡೋರಿಗಂತೂ ಏನು ಹೇಳಲಿ? ಡಿಸೆಂಬರ್‌ನಲ್ಲಿ ಅದು ಬಾಟಲಿಯಲ್ಲೇ ಗಟ್ಟಿಯಾಗುತ್ತೆ ಅಲ್ವಾ, ವಯರಿನೊಳಗೆ ಮಾತ್ರ ನೀರಾಗಿರುತ್ತಾ? ತುಕ್ಕು ಬಿಡಿಸೋ ಸ್ಪ್ರೇ ಕೂಡ ಅಷ್ಟೇ. ಆವಿಯಾದ ಮೇಲೆ ಉಳಿಯೋ ಜಿಡ್ಡು ಧೂಳನ್ನೇ ಕರೆಯುತ್ತೆ. ಮತ್ತೆ, ಕೆಲವು ಔಟರ್‌ಗಳಿಗೆ ಕಂಪನಿಯವರೇ ತೆಳು ಗ್ರೀಸ್ ತುಂಬಿ ಕಳಿಸಿರುತ್ತಾರೆ. ನೀವು ಬಿಟ್ಟ ಎಣ್ಣೆ, ಸ್ಪ್ರೇ ಅದನ್ನೂ ತೊಳೆದು ಹಾಕುತ್ತೆ.

ಮಾಡಬೇಕಾದ್ದು ಒರೆಸುವ ಕೆಲಸ. ಪೆಡಲ್ ತಿರುಗಿಸುತ್ತಾ ಹಿಂದಿನ ಗೇರನ್ನು ದೊಡ್ಡ ಹಲ್ಲುಚಕ್ರಕ್ಕೆ ತನ್ನಿ. ಈಗ ಪೆಡಲ್ ನಿಲ್ಲಿಸಿ, ಲಿವರನ್ನು ಮಾತ್ರ ಚಿಕ್ಕ ಚಕ್ರದ ಕಡೆಗೆ ಪೂರ್ತಿ ಒತ್ತಿ. ವಯರ್ ಸಡಿಲವಾಗುತ್ತೆ. ಫ್ರೇಮಿನಲ್ಲಿ ಔಟರಿನ ತುದಿ ಕೂತಿರುವ, ಸೀಳಿರುವ ಹಿಡಿಕೆಯಿಂದ ಔಟರ್ ತೆಗೆದು ಹಿಂದಕ್ಕೆ ಜಾರಿಸಿ. ಒಳಗಿದ್ದ ವಯರ್ ಹೊರಗೆ ಕಾಣುತ್ತೆ, ಒಣಬಟ್ಟೆಯಲ್ಲಿ ಒರೆಸಿ. ಹಿಂದಿನ ಚಕ್ರದ ಹತ್ತಿರದ ಬಾಗಿದ ತುಂಡನ್ನು ಮೊದಲು ನೋಡಿ. ನೀರು, ಮಣ್ಣು ಜಾಸ್ತಿ ಸೇರೋದು ಅಲ್ಲೇ. ಒರೆಸಿದ ಮೇಲೂ ಕೈಗೆ ತರಿತರಿ ಅನಿಸಿದರೆ, ಒಂದು ಎಳೆ ಬಿಚ್ಚಿದ್ದರೆ, ತುಕ್ಕು ಕಂಡರೆ, ಇನ್ನರ್ (ಒಳಗಿನ ವಯರ್), ಔಟರ್ ಎರಡನ್ನೂ ಬದಲಾಯಿಸಿ. ಸ್ಟೇನ್‌ಲೆಸ್ ಇನ್ನರ್ ಕೇಳಿ.

ಹೊಸ ಔಟರ್ ಕತ್ತರಿಸಿದಾಗ ಲೈನರಿನ ಬಾಯಿ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತೆ. ತುದಿಯನ್ನು ಅರದಿಂದ ಸಮ ಮಾಡಿ, ದಬ್ಬಣ ಚುಚ್ಚಿ ಬಾಯಿ ದುಂಡಗೆ ತೆರೆಯಬೇಕು. ಆಮೇಲೆ ಔಟರಿನ ತುದಿಗೆ ಕ್ಯಾಪ್ ಹಾಕಬೇಕು. ಅವಸರದಲ್ಲಿ ಈ ಎರಡು ನಿಮಿಷದ ಕೆಲಸ ಬಿಟ್ಟುಹೋಗುತ್ತೆ. ಹೊಸ ವಯರ್ ಹಾಕಿಸಿದರೂ ಬಿಗಿ ಅನ್ನುವ ದೂರು ಬರೋದು ಬಹಳ ಸಲ ಇದರಿಂದಲೇ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಉಳಿದ ಗೇರ್ ಔಟರ್ ತುಂಡನ್ನು ಬ್ರೇಕಿಗೆ ಹಾಕಬಹುದಾ? ಖಂಡಿತ ಬೇಡ. ಬ್ರೇಕ್ ಔಟರ್ ಸಾಮಾನ್ಯವಾಗಿ 5 ಮಿ.ಮೀ., ಒಳಗೆ ಚಪ್ಪಟೆ ತಂತಿಯ ಸುರುಳಿ. ಗೇರ್ ಔಟರ್ 4 ಮಿ.ಮೀ., ಒಳಗೆ ಉದ್ದುದ್ದಕ್ಕೆ ಜೋಡಿಸಿದ ಸಣ್ಣ ತಂತಿಗಳು. ಉದ್ದ ಕುಗ್ಗದೆ ಗೇರ್ ಕರಾರುವಾಕ್ಕಾಗಿ ಬೀಳಲಿ ಅಂತ ಹಾಗೆ ಮಾಡಿರೋದು. ಜೋರಾಗಿ ಬ್ರೇಕ್ ಹಿಡಿದರೆ ಆ ತಂತಿಗಳು ಪ್ಲಾಸ್ಟಿಕ್ ಸೀಳಿಕೊಂಡು ಹೊರಬರಬಹುದು. ಆ ಕ್ಷಣಕ್ಕೆ ನಿಮಗೆ ಬ್ರೇಕೇ ಇರಲ್ಲ. ಅಂಗಡಿಯಲ್ಲಿ ತುಂಡಿನ ಕತ್ತರಿಸಿದ ತುದಿಯನ್ನು ತಿರುಗಿಸಿ ನೋಡಿ. ಸುತ್ತಲೂ ತಂತಿಯ ಚುಕ್ಕಿಗಳು ಕಂಡರೆ ಅದು ಗೇರಿನದ್ದು, ವಾಪಸ್ ಕೊಡಿ.