ಗೋದಲಿಯ ಹಿಂದಿನ ಬಿರುಕು

"ಡಾಕ್ಟ್ರೇ, ಹಸೂಗೆ ಬೇವಿನೆಣ್ಣೆ ಹಚ್ಚಿ ಎರಡು ದಿನ ಆಯ್ತು, ಒಂದು ಉಣ್ಣೆಯೂ ಉದುರಿಲ್ಲ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೀಗೆ ಹೇಳಿದವರು ಮರುದಿನ ಬೇವು ಸುಳ್ಳೆಂದು ಕೈಬಿಡುತ್ತಾರೆ, ಇಲ್ಲವೇ ಎಣ್ಣೆಯನ್ನು ಹಾಗೇ ಗಟ್ಟಿಯಾಗಿ ಮೈಗೆಲ್ಲ ಬಳಿದು ಚರ್ಮ ಕೆಂಪಗೆ ಮಾಡಿಡುತ್ತಾರೆ.

ಬೇವು ಸಂಜೆಯೊಳಗೆ ಉಣ್ಣೆ ಕೆಡವುವ ಔಷಧವಲ್ಲ. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಉಣ್ಣೆ ಪೊರೆ ಕಳಚಿ ಬೆಳೆಯುವುದಕ್ಕೆ, ಮೊಟ್ಟೆಯಿಡುವುದಕ್ಕೆ ಅಡ್ಡಿ ಮಾಡುತ್ತದೆ. ರಕ್ತ ಕುಡಿದು ಊದಿಕೊಂಡು ನೇತಾಡುವುದು ನಿಮ್ಮ ಕಣ್ಣಿಗೆ ಬೀಳುತ್ತದೆ. ಕೆಚ್ಚಲ ಸಂದಿನಲ್ಲಿ, ಬಾಲದ ಬುಡದಲ್ಲಿ ಕೂತ ಆರು ಕಾಲಿನ ಪುಟ್ಟ ಮರಿ ಕಣ್ಣಿಗೆ ಬೀಳುವುದಿಲ್ಲ. ದನಗಳನ್ನು ಬಹಳವಾಗಿ ಕಾಡುವ ರಿಪಿಸೆಫಾಲಸ್ ಮೈಕ್ರೊಪ್ಲಸ್ ಜಾತಿಯ ಉಣ್ಣೆ ಮರಿಯಾಗಿ ಹತ್ತಿ ಸುಮಾರು ಮೂರು ವಾರ ಒಂದೇ ಹಸುವಿನ ಮೈಮೇಲೆ ಬೆಳೆಯುತ್ತದೆ. ಆಮೇಲೆ ತಾನೇ ಕಳಚಿ ಬಿದ್ದು, ಬಿರುಕು ಸೇರಿ 2000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಒಂದೇ ದಿನ ಹಚ್ಚಿ ಬಿಟ್ಟರೆ ಆ ಸಂತಾನವನ್ನು ಮುಟ್ಟಿದಂತಾಯಿತೇ?

ಲೀಟರ್ ನೀರಿಗೆ 20 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಹಾಕಿ ಹಾಲಿನಂತಾಗುವವರೆಗೆ ಕಲಕಿ, ಬಿಸಿಲು ಇಳಿದ ಮೇಲೆ ಹಚ್ಚಿ ಎನ್ನುತ್ತೇನೆ. ಬಿಸಿಲಿಗೆ ಅದರ ಸತ್ವ ಬೇಗ ಕೆಡುತ್ತದೆ. ವಾರಕ್ಕೊಮ್ಮೆಯಂತೆ ಕನಿಷ್ಠ ನಾಲ್ಕು ವಾರ. ಮೊದಲು ಅಂಗೈಯಗಲ ಜಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಎಲ್ಲ ಎಣ್ಣೆಯೂ ಒಂದೇ ಸಮ ಇರುವುದಿಲ್ಲ, ಹಾಗಾಗಿ ಫಲವೂ ಒಂದೇ ಸಮ ಇರದು.

ಗಿಡದ್ದು ಎಂದಮಾತ್ರಕ್ಕೆ ನಿರಪಾಯವಲ್ಲ. ಉಣ್ಣೆಗೆಂದು ಹೊಗೆಸೊಪ್ಪಿನ ಕಷಾಯ ಬಳಿಸಿಕೊಂಡ ಕರುವೊಂದು ಮೈ ನೆಕ್ಕಿ, ಜೊಲ್ಲು ಸುರಿಸುತ್ತ ಗಡಗಡ ನಡುಗಿದ್ದನ್ನು ನೋಡಿದ್ದೇನೆ. ಉಳಿಯಿತು, ಆದರೆ ಆ ರಾತ್ರಿ ನಾನು ಮನೆಗೆ ಹೋಗಲಿಲ್ಲ. ಇನ್ನು ಹಸುವಿಗೆ ಜ್ವರ ಬಂದು ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಉಣ್ಣೆಯಿಂದ ಬರುವ ಬೆಬಿಸಿಯೋಸಿಸ್ ಎಂಬ ರಕ್ತದ ರೋಗ ಇರಬಹುದು. ಎಣ್ಣೆ ಬದಿಗಿಟ್ಟು ತಕ್ಷಣ ವೈದ್ಯರನ್ನು ಕರೆಯಿರಿ.

ಒಬ್ಬ ಅಜ್ಜಿ ತಿಂಗಳಿಡೀ ತಪ್ಪದೆ ಹಚ್ಚಿದರೂ ಉಣ್ಣೆ ಇಳಿದಿರಲಿಲ್ಲ. ಗೋದಲಿ ಸರಿಸಿ, ಗೋಡೆಯ ಬಿರುಕಿಗೆ ಚಾಕುವಿನ ತುದಿ ಹಾಕಿ ಮೀಟಿದೆ. ಗಸಗಸೆಯಷ್ಟು ಸಣ್ಣ, ಹೊಳೆಯುವ ಕಂದು ಮೊಟ್ಟೆಗಳ ಮುದ್ದೆ ಕೈಗೆ ಬಂತು. ಪಕ್ಕದಲ್ಲೇ ಒಣಗಿ ಮುದುಡಿದ ತಾಯಿ ಉಣ್ಣೆ. "ಅಯ್ಯೋ, ನಾನು ಹಸೂನೇ ತೊಳೀತಿದ್ನಲ್ಲಪ್ಪ" ಎಂದರು. ಮಾರನೆಯ ದಿನವೇ ಕಸ ಗುಡಿಸಿ ಸುಟ್ಟು, ಬಿರುಕಿಗೆಲ್ಲ ಮಣ್ಣು ಮೆತ್ತಿಸಿದರು, ಎಣ್ಣೆಯನ್ನೂ ಬಿಡಲಿಲ್ಲ. ಮೂರು ತಿಂಗಳಾದ ಮೇಲೆ ಹೋದಾಗ ಹಸುವಿನ ಕಿವಿ ಮಡಚಿ ತೋರಿಸಿದರು. ಒಳಗೆ ಎರಡೇ ಉಣ್ಣೆ ಇದ್ದವು.