ಖಾಸಗಿ ಪತ್ತೇದಾರ: ಪದದ ಅರ್ಥ, ಕೆಲಸದ ಎಲ್ಲೆ

ಹಣ ಪಡೆದು, ಗ್ರಾಹಕರು ಹೇಳಿದ ವ್ಯಕ್ತಿಯ ಅಥವಾ ಸಂಸ್ಥೆಯ ವಿಷಯದಲ್ಲಿ ಮಾಹಿತಿ ಕಲೆಹಾಕಿ ವರದಿ ಒಪ್ಪಿಸುವ ವೃತ್ತಿಯವರನ್ನು ಖಾಸಗಿ ಪತ್ತೇದಾರರು ಎನ್ನುತ್ತೇವೆ. ಈ ವ್ಯಾಖ್ಯೆಗೆ ಸೇರಿಸಲೇಬೇಕಾದ ಇನ್ನೊಂದು ಮಾತಿದೆ: ಸಾಮಾನ್ಯ ನಾಗರಿಕರಿಗಿಲ್ಲದ ಯಾವ ಅಧಿಕಾರವೂ ಅವರಿಗಿಲ್ಲ. ದಾದರ್ ನಿಲ್ದಾಣದಲ್ಲಿ ಲೋಕಲ್ ರೈಲಿಗೆ ಕಾದು ನಿಂತ ಪ್ರಯಾಣಿಕರಿಗೆ ಎಷ್ಟು ಹಕ್ಕಿದೆಯೋ ಪತ್ತೇದಾರರಿಗೂ ಅಷ್ಟೇ ಇದೆ. ಯಾರದೋ ಮನೆಯನ್ನು ಶೋಧಿಸಲು, ಯಾರನ್ನೋ ಕರೆಸಿ ವಿಚಾರಣೆ ನಡೆಸಲು, ಬ್ಯಾಂಕಿನಿಂದಲೋ ಮೊಬೈಲ್ ಕಂಪನಿಯಿಂದಲೋ ದಾಖಲೆ ತರಿಸಿಕೊಳ್ಳಲು ಅವರಿಗೆ ಅಧಿಕಾರವಿಲ್ಲ. ಆದ್ದರಿಂದ ನಾವೇ ಮಾಡಿದರೆ ಅಪರಾಧವಾಗುವ ಕೆಲಸವನ್ನು ಶುಲ್ಕ ಕೊಟ್ಟು ಅವರಿಂದ ಮಾಡಿಸಿದರೂ ಅದು ಅಪರಾಧವೇ ಆಗಿರುತ್ತದೆ.

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈ ಪದ ಕೇಳಿಬರುವುದು ಬಹುಮಟ್ಟಿಗೆ ಮದುವೆಯ ಮಾತುಕತೆಯ ಹೊತ್ತಿಗೆ. ಹಿಂದೆ ಕುಂದಾಪುರದಲ್ಲೋ ಹುಬ್ಬಳ್ಳಿಯಲ್ಲೋ ಇದ್ದ ಹೆಣ್ಣಿನ ಕಡೆಯವರು ಮಾಟುಂಗದ ಬಂಧುಗಳಿಗೆ ಒಂದು ಕಾಗದ ಬರೆದರೆ, ಸಮಾಜದ ಸಂಘ, ಊರಿನವರ ಹೋಟೆಲು, ದೇವಸ್ಥಾನದ ಪರಿಚಯಗಳ ಮೂಲಕ ಹುಡುಗನ ನಡತೆ, ಉದ್ಯೋಗ, ಸಹವಾಸ ಎಲ್ಲವೂ ತಿಳಿದುಬರುತ್ತಿತ್ತು. ಈಗ ಜನವಸತಿ ವಿರಾರ್, ಕಲ್ಯಾಣ, ಪನ್ವೇಲ್‌ವರೆಗೆ ಹರಡಿಕೊಂಡಿದೆ. ಹುಡುಗ ಅಂಧೇರಿಯ ಕಚೇರಿಯಲ್ಲಿ ದುಡಿದು ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬನೇ ಇರುತ್ತಾನೆ. ಪಕ್ಕದ ಮನೆಯವರಿಗೂ ಅವನ ಹೆಸರು ಗೊತ್ತಿರುವುದಿಲ್ಲ. ಹೋಟೆಲ್ ಉದ್ಯಮದಲ್ಲಿ ಕಂಡಕ್ಟಿಂಗ್ ಕರಾರಿನ ಮೇಲೆ ಹೋಟೆಲನ್ನು ಬೇರೊಬ್ಬರಿಗೆ ನಡೆಸಲು ಕೊಡುವ ಮಾಲಿಕರಿಗೂ ಎದುರಿನವರ ಹಿಂದಿನ ವ್ಯವಹಾರ ಹೇಗಿತ್ತು ಎಂದು ತಿಳಿಯಬೇಕಾಗುತ್ತದೆ. ಇವೆಲ್ಲ ನ್ಯಾಯವಾದ ಅಗತ್ಯಗಳು. ಮಗಳ ಬದುಕಿನ ಪ್ರಶ್ನೆ ಬಂದಾಗ ತಂದೆತಾಯಿ ನಾಲ್ಕು ಕಡೆ ವಿಚಾರಿಸುವುದನ್ನು ಸಣ್ಣತನ ಎಂದು ಯಾರೂ ಹೇಳಬಾರದು.

ಜಾಹೀರಾತುಗಳಲ್ಲಿ ಕಾಣುವ 'ಸರ್ಕಾರಿ ಮಾನ್ಯತೆ ಪಡೆದ' ಎಂಬ ಮಾತನ್ನು ಮಾತ್ರ ನಂಬಬೇಕಾಗಿಲ್ಲ. ಪತ್ತೇದಾರಿ ಸಂಸ್ಥೆಗಳಿಗೆ ಪರವಾನಗಿ ಕೊಟ್ಟು ನಿಯಂತ್ರಿಸುವ ಮಸೂದೆಯೊಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಗಿತ್ತು; ಅದು ಕಾನೂನಾಗಲಿಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಕಾವಲುಗಾರರನ್ನು ಒದಗಿಸುವವರಿಗೆ ಅನ್ವಯಿಸುತ್ತದೆಯೇ ಹೊರತು ಪತ್ತೇದಾರಿ ಕೆಲಸಕ್ಕಲ್ಲ. ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗಿಸಿದ ಗುಮಾಸ್ತಾ ಲೈಸೆನ್ಸ್ ಅಂಗಡಿ ಮುಂಗಟ್ಟುಗಳ ಕಾಯ್ದೆಯಡಿಯ ನೋಂದಣಿ. ಬಟ್ಟೆ ಅಂಗಡಿಗೂ ಅದೇ ಇರುತ್ತದೆ. ಜಿಎಸ್‌ಟಿ ಸಂಖ್ಯೆ ತೆರಿಗೆಗೆ ಸಂಬಂಧಿಸಿದ್ದು. ಇವು ಇರುವುದು ಒಳ್ಳೆಯದೇ, ಆದರೆ ಇವುಗಳಿಂದ ಯಾರನ್ನೂ ತನಿಖೆ ಮಾಡುವ ಅಧಿಕಾರ ಹುಟ್ಟುವುದಿಲ್ಲ.

ಹಾಗಾದರೆ ನ್ಯಾಯಬದ್ಧವಾಗಿ ಏನೇನು ಮಾಡಬಹುದು? ಜನ ಊಹಿಸುವುದಕ್ಕಿಂತ ಹೆಚ್ಚಿನದನ್ನೇ ಮಾಡಬಹುದು. ತನ್ನದೆಂದು ಹುಡುಗ ಹೇಳಿದ ಫ್ಲ್ಯಾಟು ನಿಜವಾಗಿ ಯಾರ ಹೆಸರಿಗೆ ನೋಂದಣಿಯಾಗಿದೆ ಎಂಬುದು ಮಹಾರಾಷ್ಟ್ರ ನೋಂದಣಿ ಇಲಾಖೆಯ ಇಂಡೆಕ್ಸ್-2 ದಾಖಲೆಯಲ್ಲಿ ಸಿಗುತ್ತದೆ. ಕಟ್ಟುತ್ತಿರುವ ಕಟ್ಟಡವಾದರೆ ರಾಜ್ಯದ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದ ಜಾಲತಾಣದಲ್ಲಿ ಯೋಜನೆಯ ವಿವರವಿರುತ್ತದೆ. ಒಬ್ಬರು ಯಾವ ಕಂಪನಿಗಳ ನಿರ್ದೇಶಕರು ಎಂಬುದನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆ ಹೇಳುತ್ತದೆ. ನ್ಯಾಯಾಲಯಗಳಲ್ಲಿರುವ ಅನೇಕ ಮೊಕದ್ದಮೆಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಗಾರರ ಹೆಸರಿನಿಂದ ಹುಡುಕಬಹುದು. ಇವುಗಳ ಜೊತೆಗೆ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯನ್ನೋ ವಾಚ್‌ಮನ್‌ನನ್ನೋ ಹಳೆಯ ಸಹೋದ್ಯೋಗಿಗಳನ್ನೋ ಭೇಟಿಯಾಗಿ ಮಾತನಾಡಿಸುವುದು, ಅವರು ಸ್ವಇಚ್ಛೆಯಿಂದ ಹೇಳಿದ್ದನ್ನು ಒಂದಕ್ಕೊಂದು ತಾಳೆ ನೋಡುವುದು, ಸಾರ್ವಜನಿಕ ಸ್ಥಳದಲ್ಲಿ ಎಲ್ಲರಿಗೂ ಕಾಣುವುದನ್ನು ಗಮನಿಸುವುದು ಈ ವೃತ್ತಿಯ ತಿರುಳು. ಒಳ್ಳೆಯ ಪತ್ತೇದಾರರ ವರದಿಯಲ್ಲಿ ಯಾವ ಮಾಹಿತಿ ಎಲ್ಲಿಂದ ಬಂತು ಎಂಬುದು ಸ್ಪಷ್ಟವಾಗಿರುತ್ತದೆ. ಇದರಲ್ಲಿ ಅರ್ಧದಷ್ಟನ್ನು ಕುಟುಂಬದವರೇ, ಅಥವಾ ಪರಿಚಯದ ವಕೀಲರೊಬ್ಬರು, ಮಾಡಬಹುದೆಂದು ನನ್ನ ಅಭಿಪ್ರಾಯ.

ಎಲ್ಲೆ ಮೀರುವುದು ಹೆಚ್ಚಾಗಿ ಮೊಬೈಲಿನ ವಿಷಯದಲ್ಲಿ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರಿನ ಮೂಲಕ ಕರೆ ಹೋಯಿತು ಎಂಬ ಪಟ್ಟಿಯನ್ನು ಕರೆ ವಿವರ ದಾಖಲೆ ಅಥವಾ ಸಿಡಿಆರ್ ಎನ್ನುತ್ತಾರೆ. ಅದರಲ್ಲಿ ಮಾತಿನ ಧ್ವನಿ ಇರುವುದಿಲ್ಲ, ಆದರೆ ಒಬ್ಬ ವ್ಯಕ್ತಿಯ ಇಡೀ ದಿನಚರಿ ಇರುತ್ತದೆ: ಯಾವ ವೈದ್ಯರಿಗೆ ಫೋನು ಮಾಡಿದರು, ರಾತ್ರಿ ಯಾವ ಪ್ರದೇಶದಲ್ಲಿದ್ದರು, ಯಾರೊಂದಿಗೆ ದಿನವೂ ಮಾತನಾಡುತ್ತಾರೆ ಎಂಬುದೆಲ್ಲ. ಈ ದಾಖಲೆಯನ್ನು ನ್ಯಾಯಾಲಯವೋ ತನಿಖಾಧಿಕಾರಿಗಳೋ ಕಾನೂನಿನ ಕ್ರಮದಲ್ಲಿ ಕೇಳಿದಾಗ ಮಾತ್ರ ಕಂಪನಿಗಳು ಕೊಡಬೇಕು. ಆದರೂ ಅದು ಕದ್ದು ಮಾರಾಟವಾಗುತ್ತಿತ್ತೆಂಬುದು 2018ರಲ್ಲಿ ಹೊರಬಿತ್ತು. ಅಕ್ರಮವಾಗಿ ಸಿಡಿಆರ್ ಪಡೆದು ಮಾರುತ್ತಿದ್ದ ಆರೋಪದ ಮೇಲೆ ಥಾಣೆ ಪೊಲೀಸರು ಖಾಸಗಿ ಪತ್ತೇದಾರರೂ ಸೇರಿದಂತೆ ಹಲವರನ್ನು ಬಂಧಿಸಿದರು. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಮಿನ ಪ್ರಕಾರ ಇಂತಹ ದತ್ತಾಂಶವನ್ನು ಅನಧಿಕೃತವಾಗಿ ಪಡೆಯುವುದಕ್ಕೂ ಸಂದೇಶಗಳನ್ನು ಕದ್ದಾಲಿಸುವುದಕ್ಕೂ 3 ವರ್ಷಗಳವರೆಗೆ ಸೆರೆವಾಸ, 2 ಕೋಟಿ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. 'ಆರು ತಿಂಗಳ ಕಾಲ್ ಡೀಟೇಲ್ಸ್ ತರಿಸಿಕೊಡುತ್ತೇವೆ' ಎಂದು ಯಾರಾದರೂ ಹೇಳಿದರೆ, ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಉಳಿದ ನಿಷೇಧಗಳೂ ಇದೇ ಜಾಡಿನವು. ಬೇರೊಬ್ಬರ ಫೋನಿನಲ್ಲಿ ಅವರಿಗೆ ತಿಳಿಯದಂತೆ ಗೂಢಚಾರಿ ಆ್ಯಪ್ ಹಾಕುವುದು, ಇ-ಮೇಲ್‌ನ ಪಾಸ್‌ವರ್ಡ್ ಮುರಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ಪತಿಪತ್ನಿಯರ ನಡುವೆಯೂ ಇದಕ್ಕೆ ವಿನಾಯಿತಿ ಬರೆದಿಲ್ಲ. ಪೊಲೀಸರೆಂದೋ ತೆರಿಗೆ ಅಧಿಕಾರಿಯೆಂದೋ ಸುಳ್ಳು ಹೇಳಿಕೊಂಡು ವಿಚಾರಿಸುವುದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿಗೆ ಒಳಪಡುತ್ತದೆ. ಮಹಿಳೆಯೊಬ್ಬರು ತಮಗೆ ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಅವರನ್ನು ಹಿಂಬಾಲಿಸಿ ಸಂಪರ್ಕಿಸಲು ಯತ್ನಿಸುವುದು, ಅವರ ಅಂತರ್ಜಾಲ ಬಳಕೆಯ ಮೇಲೆ ಕಣ್ಣಿಡುವುದು ಅದೇ ಸಂಹಿತೆಯ 78ನೇ ಕಲಮಿನಡಿ ಶಿಕ್ಷಾರ್ಹ. ಅಪರಾಧ ತಡೆಗೆ ಸರ್ಕಾರವೇ ನೇಮಿಸಿದವರಿಗೆ ಅಲ್ಲಿ ವಿನಾಯಿತಿಯುಂಟು, ಖಾಸಗಿ ಗ್ರಾಹಕರು ನೇಮಿಸಿದವರ ಹೆಸರು ಅಲ್ಲಿಲ್ಲ. ಇವೆಲ್ಲದರ ಹಿಂದೆ 2017ರ ಆಗಸ್ಟ್ 24ರ ತೀರ್ಪಿದೆ: ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಅರ್ಜಿಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ನಾವು ಅಭಿಮಾನದಿಂದ ನೆನೆಯಬೇಕು.

ವಿಚ್ಛೇದನದ ಮೊಕದ್ದಮೆಗಾಗಿ ಪತ್ತೇದಾರರನ್ನು ನೇಮಿಸುವವರಲ್ಲಿ ಒಂದು ಗೊಂದಲ ಸಾಮಾನ್ಯ. ಸಾಕ್ಷ್ಯವನ್ನು ನ್ಯಾಯಾಲಯ ಸ್ವೀಕರಿಸುವುದು ಒಂದು ಪ್ರಶ್ನೆ, ಅದನ್ನು ಪಡೆದ ರೀತಿ ಅಪರಾಧವೇ ಎಂಬುದು ಇನ್ನೊಂದು. ಮುಂಬಯಿಯ ಮರಣ ವಿಚಾರಣಾಧಿಕಾರಿಯಾಗಿದ್ದ (ಕೊರೋನರ್) ಆರ್.ಎಂ. ಮಲ್ಕಾನಿಯವರ ಲಂಚ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1972ರಲ್ಲೇ ಟೇಪಿನಲ್ಲಿ ದಾಖಲಿಸಿದ ದೂರವಾಣಿ ಸಂಭಾಷಣೆಯನ್ನು ಸಾಕ್ಷ್ಯವಾಗಿ ಒಪ್ಪಿತ್ತು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಮು ಇನ್ನೂ ಉದಾರವಾಗಿದೆ: ವಿವಾದ ಬಗೆಹರಿಸಲು ನೆರವಾಗುವ ದಾಖಲೆಯನ್ನು ಸಾಕ್ಷ್ಯ ಕಾನೂನಿನ ಕಟ್ಟುಪಾಡಿಲ್ಲದೆ ಸ್ವೀಕರಿಸಲು ಅದು ಅವಕಾಶ ಕೊಡುತ್ತದೆ. ದಂಪತಿಗಳಲ್ಲಿ ಒಬ್ಬರು ಗುಟ್ಟಾಗಿ ದಾಖಲಿಸಿದ ಪರಸ್ಪರ ಸಂಭಾಷಣೆಯನ್ನು ವೈವಾಹಿಕ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಆದರೆ ಈ ತೀರ್ಪುಗಳಾವುವೂ ಮೂರನೆಯವರು ಫೋನು ಕದ್ದಾಲಿಸುವುದಕ್ಕೆ ಅಥವಾ ಮಲಗುವ ಕೋಣೆಯಲ್ಲಿ ಕ್ಯಾಮೆರಾ ಅಡಗಿಸುವುದಕ್ಕೆ ಕೊಟ್ಟ ಅನುಮತಿಯಲ್ಲ. ಇದಲ್ಲದೆ ಫೋಟೊ, ವಿಡಿಯೊಗಳನ್ನು ಬಾಂದ್ರಾದ ಕುಟುಂಬ ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗಬಹುದು. ಚಿತ್ರ ತೆಗೆದವರೇ ಸಾಕ್ಷಿ ಕಟ್ಟೆಗೆ ಬಂದು ಪಾಟೀಸವಾಲು ಎದುರಿಸಬೇಕಾಗಬಹುದು. 'ನಾವು ಕೋರ್ಟಿಗೆ ಬರುವುದಿಲ್ಲ' ಎನ್ನುವ ಸಂಸ್ಥೆಯ ವರದಿ ಮೊಕದ್ದಮೆಗೆ ಹೆಚ್ಚು ಉಪಯೋಗಕ್ಕೆ ಬಾರದು.

ನೇಮಿಸುವುದೇ ಅನಿವಾರ್ಯವಾದರೆ ಕರಾರನ್ನು ಬರಹದಲ್ಲಿ ಮಾಡಿಕೊಳ್ಳಬೇಕು. ಯಾವ ಪ್ರಶ್ನೆಗಳಿಗೆ ಉತ್ತರ ಬೇಕು, ಶುಲ್ಕವೆಷ್ಟು, ಕಾನೂನುಬಾಹಿರ ವಿಧಾನ ಬಳಸುವಂತಿಲ್ಲ, ಕೆಲಸ ಮುಗಿದ ಮೇಲೆ ಫೋಟೊ ಮತ್ತು ದಾಖಲೆಗಳನ್ನು ಅಳಿಸಬೇಕು ಎಂಬುದೆಲ್ಲ ಅದರಲ್ಲಿರಲಿ. ಕೊನೆಯ ಷರತ್ತನ್ನು ಜನ ಮರೆಯುತ್ತಾರೆ. ಸಂಗ್ರಹಿಸಿದ ಗುಟ್ಟನ್ನೇ ಮುಂದಿಟ್ಟು ಗ್ರಾಹಕರಿಂದ ಹೆಚ್ಚು ಹಣ ಕೀಳಲು ಅವಕಾಶವಾಗುವುದು ಅಲ್ಲಿಯೇ. ಹಾಗೆಯೇ, ಸಂಬಂಧ ಬೇಡವೆಂದು ತೀರ್ಮಾನಿಸಿದ ಮೇಲೆ ಆ ವರದಿಯನ್ನು ಸಮಾಜದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿದರೆ ಮಾನಹಾನಿಯ ಮೊಕದ್ದಮೆ ಬರುವುದು ಪತ್ತೇದಾರರ ಮೇಲಲ್ಲ, ಹಂಚಿದವರ ಮೇಲೆ. ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆಂದು ಅನಿಸಿದ ಹೆಣ್ಣುಮಕ್ಕಳು ಮುಂಬಯಿಯಲ್ಲಿ 112 ಅಥವಾ 103ಕ್ಕೆ ಕರೆ ಮಾಡಬಹುದು, ಯಾವುದೇ ಠಾಣೆಯಲ್ಲಿ ದೂರು ಬರೆಸಬಹುದು. ಹಿಂಬಾಲಿಸಿದವರು ಹಣಕ್ಕಾಗಿ ಆ ಕೆಲಸ ಮಾಡಿದ್ದರೆ, ಮಾಡಿಸಿದ ಕುಟುಂಬದವರನ್ನೂ ಪೊಲೀಸರು ವಿಚಾರಣೆಗೆ ಕರೆಯಬಹುದು.